ಮುಂದಕ್ಕೆ ಒಯ್ದ ನಷ್ಟ

ಅಪ್ಪನ ಅಂಗಡಿಯ ಬೀಗ ತುಕ್ಕು ಹಿಡಿದಿತ್ತು, ಫಿಂಟನ್.
ಮೊಳೆ, ತಿರುಪು, ಬಣ್ಣದ ಡಬ್ಬ ಮಾರಿದವನ ಬಾಗಿಲಿಗೆ
ಒಂದು ತೊಟ್ಟು ಎಣ್ಣೆ ಬಿಡುವವರಿರಲಿಲ್ಲ.
ನೀನು ಡಬ್ಲಿನ್ನಿನಿಂದ ಬಂದೆ, ಬೂದು ಕೋಟು,
ಬೂಟಿಗೆ ಅಥ್ಲೋನಿನ ಕೆಸರು ತಾಗದ ಹಾಗೆ ಕಾಲೆತ್ತಿ ಇಡುತ್ತ.
ಭುಜ ಕೊಟ್ಟು ನೂಕಿದ್ದು ನಾನು.

ಒಳಗೆ ಹದಿಮೂರು ವರ್ಷದ ಗಾಳಿ.
ಗಲ್ಲಾಪೆಟ್ಟಿಗೆಯ ಹಿಂದೆ ಲೆಕ್ಕದ ಪುಸ್ತಕಗಳು,
ಶಾನನ್ ನದಿ ಉಕ್ಕಿದ ವರ್ಷದ ನೀರಿನ ಗೆರೆ
ಅವುಗಳ ಬೆನ್ನ ಮೇಲೆ, ಅಪ್ಪ ಎಳೆದ ಯಾವ ಗೆರೆಗಿಂತಲೂ ನೇರ.

ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತ ಕೇಳಿಯೇಬಿಟ್ಟೆ:
ನಿನ್ನ ಬ್ಯಾಂಕು ಈ ವರ್ಷ ಎಷ್ಟು ತೆರಿಗೆ ಕಟ್ಟಿತು?
ಪತ್ರಿಕೆಯಲ್ಲಿ ಲಾಭದ ಅಂಕಿ ಬಂದಿತ್ತು, ಬಸ್ಸಿನಲ್ಲಿ
ಅದರ ಸೊನ್ನೆ ಎಣಿಸುತ್ತ ಇಳಿಯುವ ನಿಲ್ದಾಣ ತಪ್ಪಿಸಿಕೊಂಡಿದ್ದೆ.

ನೀನು ನಕ್ಕೆ, ಮೆತ್ತಗೆ.
"ಇದು ಕಳ್ಳತನವಲ್ಲ, ಡೆರ್ವ್ಲಾ.
ಯಾರ ಚಾಪೆಯ ಕೆಳಗೂ ನುಸುಳಿದ್ದಲ್ಲ.
ಮುಂಬಾಗಿಲಿನಿಂದಲೇ, ಟೋಪಿ ತೆಗೆದು, ಬಂದಿದ್ದೇವೆ.
ಬಾಗಿಲು ಇಟ್ಟವರು ನೀವು ಆರಿಸಿ ಕಳಿಸಿದವರು.
ಆ ಕೆಟ್ಟ ವರ್ಷಗಳಲ್ಲಿ ಬ್ಯಾಂಕು ಕಳೆದುಕೊಂಡದ್ದು ನಿಜ ತಾನೇ?
ಹಳ್ಳವನ್ನು ಮೊದಲು ತುಂಬಿಕೊಂಡು
ದಿಬ್ಬ ಉಳಿದರೆ ಅದರ ಮೇಲೆ ತೆರಿಗೆ.
ಒಂದೇ ವರ್ಷವನ್ನು ತುಂಡರಿಸಿ ತೂಗುವುದು ಯಾವ ನ್ಯಾಯ?
ಕಾನೂನು ಕೊಟ್ಟದ್ದನ್ನು ಬೇಡವೆಂದರೆ
ಷೇರುದಾರ ನನ್ನ ಕೊರಳಪಟ್ಟಿ ಹಿಡಿಯುತ್ತಾನೆ.
ಆ ಷೇರುದಾರ ಯಾರು? ನಿನ್ನ ಪಿಂಚಣಿ ನಿಧಿಯೂ ಒಬ್ಬ."

ಪಿಂಚಣಿಯ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.
ಶಾಲೆಯಲ್ಲೂ ನೀನು ಹೀಗೇ, ಗೆದ್ದ ಕೂಡಲೇ ತಲೆ ತಗ್ಗಿಸಿಬಿಡುವೆ,
ಸೋತವರಿಗೆ ಸಿಟ್ಟಾಗಲೂ ಜಾಗ ಬಿಡುವುದಿಲ್ಲ.

ಆದರೂ ಎಂಥ ಚೆಂದದ ಮಾತು: ಮುಂದಕ್ಕೆ ಒಯ್ದ ನಷ್ಟ.
ಹೊತ್ತು ನಡೆಯುತ್ತಾರಂತೆ, ವರ್ಷದಿಂದ ವರ್ಷಕ್ಕೆ,
ಎಳೆಗೂಸನ್ನು ಹೊಳೆ ದಾಟಿಸುವ ಹಾಗೆ, ಹನಿ ತಾಗಗೊಡದೆ.
ಆಸ್ತಿಯ ಪಟ್ಟಿಯಲ್ಲೇ ಅದಕ್ಕೆ ಸ್ಥಾನ,
ಕಟ್ಟಡಗಳ ಕೆಳಗೆ, ಕುರ್ಚಿ ಮೇಜುಗಳ ಮೇಲೆ.

ಮುಳುಗುವಾಗ ಎತ್ತಿದವರು ನಾವು, ಎಂದೆ.
"ಎತ್ತಿದ್ದಕ್ಕೆ ಷೇರು ಕೊಟ್ಟೆವು," ಎಂದೆ.
ಎತ್ತಿದ ತೋಳು ಇನ್ನೂ ನೋಯುತ್ತಿದೆ, ಎಂದೆ.
"ತೋಳಿಗೆ ಕಲಮಿಲ್ಲ," ಎಂದೆ ನೀನು. ಅದೂ ನಿಜವೇ.

ಕಪ್ಪು ರಟ್ಟಿನ ಪುಸ್ತಕ ಬಿಡಿಸಿದೆ. ಅಪ್ಪನ ಕೊನೆಯ ವರ್ಷ.
ಕೆಂಪು ಶಾಯಿ. ಕೆಂಪೂ ಮುಗಿದ ಮೇಲೆ ಪೆನ್ಸಿಲ್ಲು.
ಒಟ್ಟು ನಷ್ಟ ನಲವತ್ತೊಂದು ಸಾವಿರದ ಆರುನೂರ ಎಂಟು.
ಅದರ ಕೆಳಗೆ, ಮಾರಾಟ ತೆರಿಗೆ ತಡವಾದದ್ದಕ್ಕೆ ಬಡ್ಡಿ,
ಹನ್ನೊಂದು ಯೂರೋ ನಲವತ್ತು ಸೆಂಟು, ಪಾವತಿಯಾಗಿದೆ.
ರಸೀದಿ ಗುಂಡುಸೂಜಿಯಲ್ಲಿ.

ಇದು ಎಲ್ಲಿಗೆ ಹೋಯಿತು, ಫಿಂಟನ್?
ನೀನು ಕನ್ನಡಕ ತೆಗೆದೆ.
"ವ್ಯಾಪಾರ ನಿಂತರೆ ನಷ್ಟವೂ ಅಲ್ಲಿಗೇ ಸಾಯುತ್ತದೆ.
ಹಿಂದಿನ ಮೂರು ವರ್ಷದ ಲಾಭಕ್ಕೆ ಹೊಂದಿಸಬಹುದಿತ್ತು,
ಲಾಭ ಅಂತ ಇದ್ದಿದ್ದರೆ."

ಸಾಯಲಿಲ್ಲ. ನಾನು ಹೇಳಿರಲಿಲ್ಲ ನಿನಗೆ.
ಅಂಗಡಿಯ ಸಾಲದ ಕಾಗದಕ್ಕೆ ಎರಡನೆಯ ಸಹಿ ನನ್ನದು.
ಒಂಬತ್ತು ವರ್ಷ, ಪ್ರತಿ ತಿಂಗಳ ನಾಲ್ಕನೆಯ ತಾರೀಖು,
ಶುಶ್ರೂಷೆಯ ಸಂಬಳದಲ್ಲಿ, ತೆರಿಗೆ ಮುರಿದುಕೊಂಡು ಉಳಿದದ್ದರಲ್ಲಿ.
ಯಾವ ಬ್ಯಾಂಕು ಎಂದು ಕೇಳಬೇಡ.

ನೀನು ಕೇಳಲಿಲ್ಲ. ಬೆರಳು ಅಂಕಿಗಳ ಮೇಲೆ ಇಳಿಯುತ್ತಿತ್ತು,
ಚಟ ನಿನಗೆ, ಕಂಡ ಕಾಲಮನ್ನೆಲ್ಲ ಕೂಡುವುದು.
"ಅಪ್ಪ ತಪ್ಪಿದ್ದಾನೆ," ಎಂದೆ ಸ್ವಲ್ಪ ಹೊತ್ತಿಗೆ.
"ಒಂಬತ್ತು ಯೂರೋ."
ಹೆಚ್ಚೋ, ಕಮ್ಮಿಯೋ?
"ತನ್ನದೇ ವಿರುದ್ಧ."

ಸಂಜೆಗೆ ಫಲಕ ಇಳಿಸಿದೆವು.
ಮಲ್ಹರ್ನ್ ಅಂಡ್ ಸನ್ಸ್. ಗಂಡುಮಗ ಎಂದರೆ ನೀನೊಬ್ಬನೇ,
ಆ ಬಹುವಚನ ಅಪ್ಪನ ಆಸೆ.
ಓಕ್ ಮರದ್ದು, ಭಾರ. ಒಂದು ತುದಿ ನೀನು, ಒಂದು ತುದಿ ನಾನು,
ಕೋಟಿಗೆ ಪಾಚಿ ಮೆತ್ತಿದ್ದನ್ನು ನೀನು ನೋಡಲಿಲ್ಲ.
ಎಲ್ಲಿಡುವುದು, ಎಂದು ಕೇಳಿದೆ.
ವ್ಯಾನು ಇನ್ನೂ ಬಂದಿರಲಿಲ್ಲ.
ಹಾಗೇ ಹಿಡಿದುಕೊಂಡು ನಿಂತಿದ್ದೆವು.